ಮೊದಲು ಕೊಳೆ ನೋಡಿ, ಆಮೇಲೆ ಬಾಟಲಿ ತೆಗೆಯಿರಿ

ಕೋವಿ ಶುಚಿ ಮಾಡಲು ಯಾವ ಸಾಲ್ವೆಂಟ್, ಅಂದರೆ ಕೊಳೆ ಕರಗಿಸುವ ದ್ರವ, ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನನ್ನಿಂದ ನೇರ ಉತ್ತರ ಬರುವುದಿಲ್ಲ. ನಳಿಗೆಯೊಳಗೆ ಏನು ಕೂತಿದೆ ಎಂದು ತಿಳಿಯದೆ ಬಾಟಲಿಯ ಹೆಸರು ಹೇಳುವುದು ಹೇಗೆ? ಜ್ವರವೋ ಹೊಟ್ಟೆನೋವೋ ಎಂದು ವಿಚಾರಿಸದೆ ಮಾತ್ರೆ ಕೊಟ್ಟ ಹಾಗಾಗುತ್ತದೆ.

ಮೇಲಿಂದ ನೋಡಿದರೆ ಎಲ್ಲವೂ ಕಪ್ಪು ಮಸಿಯೇ. ಆದರೆ ಆ ಮಸಿಯೊಳಗೆ ನಾಲ್ಕೈದು ಬಗೆ ಇರುತ್ತವೆ. ಸುಟ್ಟ ಮದ್ದಿನ ಇಂಗಾಲ. ಗುಂಡಿನ ಮೈಯಿಂದ ಉಜ್ಜಿಹೋಗಿ ಅಂಟಿಕೊಂಡ ತಾಮ್ರ. ಸೀಸ. ಶಾಟ್‌ಗನ್ ಆಗಿದ್ದರೆ ಚರೆಯನ್ನು ಹೊತ್ತೊಯ್ಯುವ ಪ್ಲಾಸ್ಟಿಕ್ ಬಟ್ಟಲು ಬಿಟ್ಟುಹೋದ ಪದರ. ಕರಿಮದ್ದು ಅಥವಾ ಹಳೆಯ ಬಗೆಯ ಪ್ರೈಮರ್ (ತೋಟೆಯ ತಳದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಪುಟ್ಟ ಭಾಗ) ಬಳಸಿದ್ದರೆ ಉಪ್ಪು. ಇವುಗಳಲ್ಲಿ ಒಂದನ್ನು ಕರಗಿಸುವ ದ್ರವ ಇನ್ನೊಂದನ್ನು ಅಲುಗಿಸುವುದೂ ಇಲ್ಲ. ತಾಮ್ರ ಕೂತ ನಳಿಗೆಗೆ ಸೀಮೆಎಣ್ಣೆ ಹಾಕಿ ಗಂಟೆಗಟ್ಟಲೆ ಉಜ್ಜಿದರೂ ತಾಮ್ರ ಅಲ್ಲೇ ಇರುತ್ತದೆ. ಉಪ್ಪಿನ ಮೇಲೆ ಎಣ್ಣೆ ಸುರಿದರೆ ಉಪ್ಪು ಎಣ್ಣೆಯ ಕೆಳಗೆ ಸುಮ್ಮನೆ ಕಾಯುತ್ತಾ ಕೂತಿರುತ್ತದೆ.

ಹಾಗೆ ಕೆಲಸ ಆಗದಿದ್ದಾಗ ಹೆಚ್ಚಿನವರು ಏನು ಮಾಡುತ್ತಾರೆ? ಇನ್ನೂ ಖಾರವಾದ ದ್ರವ ತರುತ್ತಾರೆ. ಇನ್ನೂ ಗಟ್ಟಿ ಬ್ರಷ್ ತರುತ್ತಾರೆ. ನನಗೆ ಬೇಸರ ಆಗುವುದು ಇಲ್ಲೇ. ಬೇಕಿದ್ದದ್ದು ಸರಿಯಾದ ದ್ರವ ಮತ್ತು ಒಂದಿಷ್ಟು ಕಾಯುವಿಕೆ. ತಾಳ್ಮೆ ಇಲ್ಲದ ಕಡೆ ಖಾರ ಹಾಕಿದರೆ ಅದರ ಪೆಟ್ಟು ಲೋಹದ ಮೇಲೆ ಬೀಳುತ್ತದೆ, ಮರದ ಮೇಲೆ ಬೀಳುತ್ತದೆ, ಉಸಿರಾಡುವವರ ಮೇಲೂ ಬೀಳುತ್ತದೆ.

ಬಾಟಲಿಯ ಮುಚ್ಚಳ ತೆಗೆಯುವ ಮುಂಚೆ ಆಗಬೇಕಾದ ಒಂದು ಕೆಲಸ ಇದೆ. ಕೋವಿ ಖಾಲಿ ಇದೆಯೇ ಎಂದು ನೋಡುವುದು. ತೋಟೆ ತುಂಬಿಡುವ ಮ್ಯಾಗಜೀನ್ ಮೊದಲು ಹೊರಗೆ, ಆಮೇಲೆ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಎಳೆಯುವುದು. ಈ ಕ್ರಮ ಹಿಂದುಮುಂದಾದರೆ ಚೇಂಬರಿನಿಂದ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡಿನಿಂದ, ಒಂದು ತೋಟೆ ಹೊರಬಿದ್ದ ಕೂಡಲೇ ಮ್ಯಾಗಜೀನಿನಿಂದ ಇನ್ನೊಂದು ಒಳಗೆ ಹೋಗುತ್ತದೆ. ಚೇಂಬರನ್ನು ಕಣ್ಣಿಂದ ನೋಡಬೇಕು, ಬೆರಳು ಹಾಕಿ ಮುಟ್ಟಿಯೂ ನೋಡಬೇಕು. ಬಿಚ್ಚಲು ಟ್ರಿಗರ್ ಎಳೆಯಲೇಬೇಕಾದ ಪಿಸ್ತೂಲುಗಳಿವೆ. ಅವುಗಳ ವಿಷಯದಲ್ಲಿ ಈ ಮಾತು ಎರಡು ಪಟ್ಟು ಮುಖ್ಯ. ಬಾಯಿಯಿಂದ ಮದ್ದು ತುಂಬುವ ಕೋವಿಯಾದರೆ ಮೊದಲು ಮದ್ದಿಗೆ ಕಿಡಿ ಕೊಡುವ ಕೇಪು ತೆಗೆಯಬೇಕು. ಅದರ ಒಳಗೆ ಈಡು ಇದೆಯೇ ಎಂದು ಕಣ್ಣಿಗೆ ಕಾಣುವುದಿಲ್ಲ. ಅಂಥ ಕೋವಿ ಖಾಲಿ ಇದ್ದಾಗ ನಳಿಗೆಗೆ ಹಾಕುವ ರಾಡು ಎಲ್ಲಿಯವರೆಗೆ ಇಳಿಯುತ್ತದೆ ಎಂದು ರಾಡಿನ ಮೇಲೆ ಒಂದು ಗುರುತು ಹಾಕಿಟ್ಟುಕೊಂಡರೆ ಆಯಿತು. ಮುಂದೆ ಯಾವಾಗಲಾದರೂ ಆ ಗುರುತು ನಳಿಗೆಯ ಬಾಯಿಗಿಂತ ಮೇಲೆಯೇ ನಿಂತರೆ ಒಳಗೆ ಏನೋ ಇದೆ ಎಂದರ್ಥ. ತೋಟೆಗಳು ಆ ಕೋಣೆಯಲ್ಲೇ ಇರಬಾರದು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಸಂದುಗಳಿಗೆ ನುಗ್ಗುವ ತೆಳು ಎಣ್ಣೆ ತೋಟೆಯ ಮೇಲೆ ಬಿದ್ದರೆ ಪ್ರೈಮರ್ ಕೆಡಬಹುದು.

ಈಗ ಕೊಳೆಗೆ ಬರೋಣ. ಇಂಗಾಲದ್ದು ಸುಲಭದ ಕೇಸು. ಹೊಗೆಯಿಲ್ಲದ ಮದ್ದು ಉಳಿಸುವ ಮಸಿ ಹೊಸದಾಗಿದ್ದಾಗ ಮೆತ್ತಗಿರುತ್ತದೆ. ಪೆಟ್ರೋಲಿಯಂ ಮೂಲದ ಯಾವುದೇ ಸಾಧಾರಣ ಬೋರ್ (ನಳಿಗೆಯ ಒಳಮೈ) ಸಾಲ್ವೆಂಟ್ ಅದನ್ನು ಸಡಿಲ ಮಾಡುತ್ತದೆ. ಬಳಸಿದ ದಿನವೇ ಕೂತರೆ ಕೆಲಸ ಬೇಗ ಮುಗಿಯುತ್ತದೆ. ವಾರಗಟ್ಟಲೆ ಬಿಟ್ಟರೆ, ಅಥವಾ ಮತ್ತೆ ಮತ್ತೆ ಬಿಸಿಯಾಗಿ ಪದರದ ಮೇಲೆ ಪದರ ಕೂತರೆ, ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಸುಟ್ಟ ಮದ್ದಿನ ಅನಿಲ ತಳ್ಳುವ ಗ್ಯಾಸ್ ಪಿಸ್ಟನ್ನಿನ ತಲೆ, ಬೋಲ್ಟಿನ ಹಿಂಭಾಗ, ರಿವಾಲ್ವರಿನ ಸಿಲಿಂಡರಿನ ಮುಂಭಾಗ, ಇವು ಅಂಥ ಜಾಗಗಳು. ಬಿಚ್ಚಿ ತೆಗೆಯಲು ಬರುವ ಭಾಗವಾದರೆ ಸಾಲ್ವೆಂಟಿನಲ್ಲಿ ನೆನೆಹಾಕಿ ಬಿಡುವುದೇ ಸರಿ. ರಾತ್ರಿ ನೆನೆಸಿ ಬೆಳಿಗ್ಗೆ ನೈಲಾನ್ ಬ್ರಷ್ಷಿನಿಂದ ಉಜ್ಜಿದರೆ ಬಿಡುವ ಮಸಿಯನ್ನು ಸಂಜೆಯೇ ಚಾಕುವಿನ ಮೊನೆಯಿಂದ ಕೆರೆಯುವವರನ್ನು ಕಂಡರೆ ನನಗೆ ಆ ಪಿಸ್ಟನ್ನಿನ ಬಗ್ಗೆ ಮರುಕ ಹುಟ್ಟುತ್ತದೆ. ಸಿಲಿಂಡರಿನ ಮುಂಭಾಗದಲ್ಲಿ ಉಳಿಯುವ ತೆಳು ಕಪ್ಪು ವರ್ತುಲ ಬರೀ ಕಲೆ. ಅದರಿಂದ ಏನೂ ಕೆಡುವುದಿಲ್ಲ, ಹಾಗೇ ಬಿಟ್ಟುಬಿಡಬಹುದು.

ತಾಮ್ರದ ಕಥೆ ಬೇರೆ. ಹೊಗೆಯಿಲ್ಲದ ಮದ್ದು 1884ರಲ್ಲಿ ಫ್ರಾನ್ಸಿನಲ್ಲಿ ಬಂತು. ಅದರ ಜೊತೆ ಗುಂಡಿನ ವೇಗವೂ ಏರಿತು. ಆ ವೇಗಕ್ಕೆ ಬರೀ ಸೀಸ ತಡೆಯಲಿಲ್ಲ, ಗುಂಡಿಗೆ ಲೋಹದ ಹೊದಿಕೆ ಬೇಕಾಯಿತು. ಮೊದಮೊದಲು ತಾಮ್ರ ಮತ್ತು ನಿಕಲ್ ಬೆರೆಸಿದ ಹೊದಿಕೆ ಇತ್ತು. ಅದು ನಳಿಗೆಗೆ ಗಡ್ಡೆಗಡ್ಡೆಯಾಗಿ ಅಂಟುತ್ತಿತ್ತು. ಆಮೇಲೆ ಸುಮಾರು 95 ಭಾಗ ತಾಮ್ರ, 5 ಭಾಗ ಸತುವಿನ ಮಿಶ್ರಲೋಹ ರೂಢಿಗೆ ಬಂತು. ಅದರಿಂದ ಕಾಟ ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಇವತ್ತಿಗೂ ಅಂಗಡಿಯಲ್ಲಿ ಸಿಗುವ ಹಾಪೀಸ್ ನಂಬರ್ 9 ಎಂಬ ಸಾಲ್ವೆಂಟ್ 1903ರದು. ಮದ್ದು ಮತ್ತು ಗುಂಡು ಎರಡೂ ಬದಲಾಗಿದ್ದ ಆ ಹೊತ್ತಿನಲ್ಲೇ ಅಂಥದ್ದೊಂದು ಬಾಟಲಿ ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ.

ತಾಮ್ರ ಇದೆಯೋ ಇಲ್ಲವೋ ನೋಡುವುದು ಹೀಗೆ. ಮಸಿಯನ್ನು ಮೊದಲು ತೆಗೆದುಬಿಡಿ. ನಳಿಗೆಯನ್ನು ಒಣಗಿಸಿ. ಬಾಯಿಯ ಅಂಚಿಗೆ ಓರೆಯಾಗಿ ಬೆಳಕು ಬಿಟ್ಟು ನೋಡಿ. ನಳಿಗೆಯೊಳಗೆ ಕೊರೆದಿರುವ ಸುರುಳಿ ಗೀರುಗಳ ಉಬ್ಬಿನ ಮೇಲೆ ಕೆಂಪು ಮಿಶ್ರಿತ ಹೊಂಬಣ್ಣದ ಗೆರೆಗಳು ಕಂಡರೆ ಅದೇ ತಾಮ್ರ. ಇದಕ್ಕೆ ಅಮೋನಿಯ ಇರುವ ಸಾಲ್ವೆಂಟ್ ಬೇಕು, ಇಲ್ಲವೇ ಅಮೋನಿಯ ಇಲ್ಲದೆ ತಾಮ್ರ ಕರಗಿಸಲೆಂದೇ ಮಾಡಿದ ಹೊಸ ಬಗೆಯದು ಬೇಕು. ದ್ರವದಲ್ಲಿ ತೊಯ್ಸಿದ ಬಟ್ಟೆ ತುಂಡನ್ನು ಒಳಗೆ ತಳ್ಳಿ, ಸ್ವಲ್ಪ ಹೊತ್ತು ಬಿಟ್ಟು, ಒಣ ಬಟ್ಟೆ ತಳ್ಳಿ. ಅದು ಹೊರಬರುವಾಗ ಅಂಚಿನಲ್ಲಿ ಬೂದು, ನಡುವೆ ಗೀರುಗೀರಾಗಿ ಶಾಯಿ ಚೆಲ್ಲಿದಂಥ ನೀಲಿ. ತಾಮ್ರ ಮತ್ತು ಅಮೋನಿಯ ಸೇರಿದಾಗ ಬರುವ ನೀಲಿ ಅದು. ಎರಡನೆಯ ಸಲ ನೀಲಿ ತಿಳಿಯಾಗುತ್ತದೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಬರೀ ಹಸಿರು ಛಾಯೆ. ಹೀಗೆ ಕೆಲಸ ಎಲ್ಲಿಗೆ ಬಂತು ಎಂದು ಬಣ್ಣವೇ ಹೇಳುತ್ತದೆ. ಕೋವಿ ಶುಚಿ ಮಾಡುವುದರಲ್ಲಿ ನನಗೆ ತೀರಾ ಇಷ್ಟವಾದ ಹಂತ ಇದು.

ಆದರೆ ಆ ಬಣ್ಣ ಸುಳ್ಳೂ ಹೇಳುತ್ತದೆ. ಕಂಚಿನ ಬ್ರಷ್ಷಿನಲ್ಲಿ ತಾಮ್ರ ಇದೆ. ಹಿತ್ತಾಳೆಯ ಜ್ಯಾಗ್‌ನಲ್ಲೂ, ಅಂದರೆ ರಾಡಿನ ತುದಿಯಲ್ಲಿ ಬಟ್ಟೆ ಹಿಡಿಯುವ ತುಂಡಿನಲ್ಲೂ, ತಾಮ್ರ ಇದೆ. ಸಾಲ್ವೆಂಟ್ ಅವನ್ನೂ ತಿನ್ನುತ್ತದೆ, ಬಟ್ಟೆ ಆಗಲೂ ನೀಲಿಯಾಗುತ್ತದೆ. ನಳಿಗೆ ಎಂದೋ ಶುಚಿಯಾಗಿದ್ದರೂ ನೀಲಿ ಬರುತ್ತಲೇ ಇರುತ್ತದೆ, ಮನುಷ್ಯ ಉಜ್ಜುತ್ತಲೇ ಇರುತ್ತಾನೆ. ತಾಮ್ರದ ಸಾಲ್ವೆಂಟ್ ಬಳಸುವಾಗ ನೈಲಾನ್ ಬ್ರಷ್, ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಜ್ಯಾಗ್ ಇಟ್ಟುಕೊಂಡರೆ ಈ ಗೊಂದಲವೇ ಇಲ್ಲ. ಇನ್ನೊಂದು ಎಚ್ಚರ. ಅಮೋನಿಯದ ದ್ರವವನ್ನು ಬಾಟಲಿಯ ಮೇಲೆ ಬರೆದ ನಿಮಿಷಕ್ಕಿಂತ ಜಾಸ್ತಿ ಒಳಗೆ ಬಿಡಬಾರದು. ಇಂಗಾಲಕ್ಕೆ ರಾತ್ರಿಯಿಡೀ ಕಾಯುವುದು ಸರಿ, ಇಲ್ಲಿ ಹಾಗಲ್ಲ. ಕಾಯುವುದಕ್ಕೂ ಒಂದು ಅಳತೆ ಇದೆ, ಆ ಅಳತೆ ದ್ರವದಿಂದ ದ್ರವಕ್ಕೆ ಬೇರೆ. ಕೆಲಸ ಮುಗಿದ ಮೇಲೆ ಅದನ್ನು ಪೂರ್ತಿ ಒರೆಸಿ, ಸಾಧಾರಣ ಸಾಲ್ವೆಂಟ್ ಅಥವಾ ಎಣ್ಣೆಯ ಬಟ್ಟೆಯನ್ನು ಒಮ್ಮೆ ಎಳೆದು ಮುಗಿಸಬೇಕು. ಎರಡು ಬಾಟಲಿಯ ದ್ರವಗಳನ್ನು ಎಂದೂ ಬೆರೆಸಬಾರದು. ಅಮೋನಿಯದ ಹತ್ತಿರ ಬ್ಲೀಚ್ ಬರಲೇಬಾರದು, ಅವೆರಡು ಸೇರಿದರೆ ಏಳುವ ಗಾಳಿ ಶ್ವಾಸಕೋಶವನ್ನು ಸುಡುತ್ತದೆ.

ಸೀಸಕ್ಕೆ ನಿಜವಾಗಿ ಹೇಳಬೇಕೆಂದರೆ ಒಳ್ಳೆಯ ಸಾಲ್ವೆಂಟ್ ಇಲ್ಲ. ಅದು ಕರಗುವುದಕ್ಕಿಂತ ಕಿತ್ತು ಬರುವುದೇ ಜಾಸ್ತಿ. ಎಣ್ಣೆಯುಳ್ಳ ಸಾಲ್ವೆಂಟ್ ಹಾಕಿ, ಅದು ಪದರದ ಅಡಿಗೆ ಇಳಿಯಲು ಬಿಟ್ಟು, ಕಂಚಿನ ಬ್ರಷ್ಷಿನಿಂದ ಉಜ್ಜಿದರೆ ಬಟ್ಟೆಯ ಮೇಲೆ ಬೂದು ಬಣ್ಣದ ಸಣ್ಣ ಸಣ್ಣ ಚಕ್ಕೆಗಳು ಬರುತ್ತವೆ. ಮೊಂಡು ಪದರಕ್ಕೆ ಬ್ರಷ್ಷಿನ ಸುತ್ತ ತಾಮ್ರದ ಎಳೆಯ ಜಾಲರಿ ಸುತ್ತಿ ತಳ್ಳುವ ರೂಢಿ ಇದೆ. ತಾಮ್ರ ಉಕ್ಕಿಗಿಂತ ಮೆದು, ಹಾಗಾಗಿ ಗೀರು ಬೀಳುವುದಿಲ್ಲ. ಕೊಳ್ಳುವಾಗ ಅದು ಅಪ್ಪಟ ತಾಮ್ರವೇ, ಬಣ್ಣ ಹಚ್ಚಿದ ಉಕ್ಕೇ ಎಂದು ಅಯಸ್ಕಾಂತ ಹಿಡಿದು ನೋಡಿ.

ಇದಕ್ಕೇ ಹಲವರು ಹೇಳುವ ಮನೆಮದ್ದೊಂದಿದೆ. ಬಿಳಿ ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸಮ ಸಮ ಬೆರೆಸಿ ನಳಿಗೆಗೆ ತುಂಬುವುದು. ಸೀಸ ಹೋಗುತ್ತದೆ, ನಿಜ. ಎಲ್ಲಿಗೆ ಹೋಗುತ್ತದೆ? ಸೀಸದ ಅಸಿಟೇಟ್ ಆಗಿ ಆ ದ್ರವದೊಳಗೇ ಇರುತ್ತದೆ. ನೀರಿನಲ್ಲಿ ಕರಗಿದ ಸೀಸ ಎಂದರೆ ದೇಹ ಸುಲಭವಾಗಿ ಹೀರಿಕೊಳ್ಳುವ ಸೀಸ. ಬರೀ ಲೋಹವಾಗಿ ಕೂತಿದ್ದ ವಿಷವನ್ನು ನಾವೇ ಕುಡಿಯಲು ಬರುವ ಹಾಗೆ ಮಾಡಿ ಮೇಜಿನ ಮೇಲೆ ಇಟ್ಟಂತಾಯಿತು. ಜೊತೆಗೆ ಆ ಹುಳಿ ಉಕ್ಕನ್ನೂ ತಿಂದು ಸಣ್ಣ ಸಣ್ಣ ಗುಳಿ ಬೀಳಿಸುತ್ತದೆ. ಈ ಮಿಶ್ರಣವನ್ನು ಮನೆಯೊಳಗೆ ಯಾರೂ ಮಾಡಬಾರದು ಎಂಬುದು ನನ್ನ ಖಚಿತ ಮಾತು.

ಶಾಟ್‌ಗನ್ನಿನ ಪ್ಲಾಸ್ಟಿಕ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಚೇಂಬರ್ ಮುಗಿದು ನಳಿಗೆ ಶುರುವಾಗುವ ಕಡೆ ಮತ್ತು ಬಾಯಿಯ ಹತ್ತಿರ ನಳಿಗೆ ಕಿರಿದಾಗುವ ಚೋಕ್‌ನ ಹತ್ತಿರ ಅದು ಗೆರೆಗೆರೆಯಾಗಿ ಕೂರುತ್ತದೆ. ಸಾಲ್ವೆಂಟ್ ಹಾಕಿ ಕಾದು ಕಂಚಿನ ಬ್ರಷ್ ಆಡಿಸಿದರೆ ತೆಳ್ಳಗಿನ ಪಟ್ಟಿಯಾಗಿ ಎದ್ದು ಬರುತ್ತದೆ. ಬಿಚ್ಚುವ ಬಗೆಯ ಚೋಕ್ ಇದ್ದರೆ ಅದನ್ನು ತೆಗೆದು ತಿರುಪಿನ ಸುತ್ತುಗಳನ್ನೂ ಒರೆಸಿ, ಒಂದು ಚೂರು ಗ್ರೀಸ್ ಹಚ್ಚಿ ಹಾಕಿ. ಇಲ್ಲದಿದ್ದರೆ ಒಂದು ದಿನ ಅದು ಬಿಚ್ಚುವುದೇ ಇಲ್ಲ.

ಉಪ್ಪಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ನಿಧಾನವಾಗಿ ಮಾತಾಡುತ್ತೇನೆ. ಯಾಕೆಂದರೆ ಒಳ್ಳೊಳ್ಳೆಯ ನಳಿಗೆಗಳು ಹಾಳಾಗಿರುವುದು ಇದರಿಂದಲೇ.

ಹಿಂದೆ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಹಾಕುತ್ತಿದ್ದರು. ಅದು ಸಿಡಿದಾಗ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ಇದು ಅಡುಗೆ ಉಪ್ಪಿನ ಸೋದರನೇ. ಗಾಳಿಯ ತೇವವನ್ನು ಹೀರುತ್ತದೆ, ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಎಷ್ಟೋ ವರ್ಷ ಜನ ತಪ್ಪನ್ನು ಮದ್ದಿನ ಮೇಲೆ ಹೊರಿಸಿದರು. ಮದ್ದಿನ ಆಮ್ಲ ಲೋಹದ ರಂಧ್ರಗಳಿಗೆ ಇಳಿದು ಆಮೇಲೆ ಹೊರಗೆ ಜಿನುಗುತ್ತದೆ ಎಂಬ ನಂಬಿಕೆ ಇತ್ತು. ಚೆನ್ನಾಗಿ ಒರೆಸಿ ಎಣ್ಣೆ ಹಚ್ಚಿಟ್ಟ ನಳಿಗೆಯಲ್ಲೂ ಕೆಲವೇ ದಿನಗಳಲ್ಲಿ ಕೆಂಪು ಕಾಣಿಸುತ್ತಿದ್ದುದರಿಂದ ಹಾಗೆ ಅನ್ನಿಸಿದ್ದು ಸಹಜ. 1920ರ ದಶಕದ ಆರಂಭದಲ್ಲಿ ಅಮೆರಿಕದ ಬ್ಯೂರೋ ಆಫ್ ಮೈನ್ಸ್ ಎಂಬ ಸರ್ಕಾರಿ ಗಣಿ ಸಂಸ್ಥೆ ನಡೆಸಿದ ಅಧ್ಯಯನ ಅದಕ್ಕೆ ಕಾರಣ ಪ್ರೈಮರಿನ ಉಪ್ಪು ಎಂದು ತೋರಿಸಿತು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ನೀರಿನಲ್ಲಿ ಕರಗುತ್ತದೆ, ಅದೂ ಹೇಗೆ? 20 ಡಿಗ್ರಿಯ 100 ಗ್ರಾಂ ನೀರು ಸುಮಾರು 34 ಗ್ರಾಂ ಪೊಟ್ಯಾಸಿಯಂ ಕ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ನಳಿಗೆಯೊಳಗೆ ಇರುವುದು ಚಿಟಿಕೆಯಷ್ಟೂ ಅಲ್ಲ. ಅಂದಮೇಲೆ ಇಲ್ಲಿ ಬೇಕಾದ ಸಾಲ್ವೆಂಟ್ ನೀರು!

ಕ್ಲೋರೇಟ್ ಇಲ್ಲದ ಪ್ರೈಮರುಗಳು 1920ರ ದಶಕದ ಕೊನೆಯ ಹೊತ್ತಿಗೆ ರೂಢಿಗೆ ಬರತೊಡಗಿದವು. ಇವತ್ತಿನ ಸಾಮಾನ್ಯ ತೋಟೆಗಳಲ್ಲಿ ಈ ಕಾಟ ಇಲ್ಲ. ಆದರೆ ಹಳೆಯ ಸೇನಾ ದಾಸ್ತಾನಿನ ತೋಟೆಗಳಲ್ಲಿ ಇನ್ನೂ ಇರುತ್ತದೆ. ಅಂಥ ತೋಟೆ ಬಳಸಿದ್ದರೆ ನಳಿಗೆ, ಚೇಂಬರ್, ಬೋಲ್ಟಿನ ಮುಖ, ಗ್ಯಾಸ್ ಹರಿಯುವ ಭಾಗಗಳು, ಎಲ್ಲಕ್ಕೂ ನೀರು ತಾಗಬೇಕು. ಕಿಟಕಿ ಗಾಜು ಒರೆಸುವ ಅಮೋನಿಯದ ದ್ರವ ಚಿಮುಕಿಸಿದರೆ ಉಪ್ಪು ತಟಸ್ಥವಾಗುತ್ತದೆ ಎಂದು ಹೇಳುವವರಿದ್ದಾರೆ. ಉಪ್ಪು ಆಮ್ಲವೇನಲ್ಲವಲ್ಲ, ತಟಸ್ಥ ಮಾಡಲು ಅಲ್ಲಿ ಏನಿದೆ? ಆ ದ್ರವದಲ್ಲಿ ಕೆಲಸ ಮಾಡಿದ್ದು ಅದರೊಳಗಿನ ನೀರು. ಬಿಸಿನೀರು ಆದರೆ ಇನ್ನೂ ಒಳ್ಳೆಯದು. ಉಪ್ಪು ಬೇಗ ಕರಗುತ್ತದೆ, ಬಿಸಿಯಾದ ಲೋಹ ತನ್ನಷ್ಟಕ್ಕೆ ಒಣಗುತ್ತದೆ. ಆಮೇಲೆ ತಡ ಮಾಡಬಾರದು. ಬರಿಯ ಉಕ್ಕಿನ ಮೇಲೆ ಕೆಲವೇ ನಿಮಿಷಗಳಲ್ಲಿ ತೆಳು ಕಿತ್ತಳೆ ಪೊರೆ ಏಳುತ್ತದೆ. ಒಣ ಬಟ್ಟೆ, ಆಮೇಲೆ ಸಾಧಾರಣ ಸಾಲ್ವೆಂಟ್, ಆಮೇಲೆ ಎಣ್ಣೆ.

ಕರಿಮದ್ದಿಗೂ ಇದೇ ದಾರಿ. ಅದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಘನವಾಗಿಯೇ ಉಳಿಯುತ್ತದೆ. ಬಹುಪಾಲು ಪೊಟ್ಯಾಸಿಯಂನ ಲವಣಗಳು, ನೀರಿಗೆ ಕರಗುವಂಥವು. ಪೆಟ್ರೋಲಿಯಂ ಎಣ್ಣೆ ಹಾಕಿದರೆ ಅದು ಡಾಂಬರಿನಂಥ ಅಂಟಾಗುತ್ತದೆ. ಸೋಪಿನ ಬಿಸಿನೀರು ಹಾಕಿದರೆ ಕರಿ ನೀರಾಗಿ ಹರಿದುಹೋಗುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಸಮೇತ. ಪೈರೊಡೆಕ್ಸ್‌ನಂಥ ಬದಲಿ ಮದ್ದಿನಲ್ಲಿ ಪೊಟ್ಯಾಸಿಯಂ ಪರ್‌ಕ್ಲೋರೇಟ್ ಇರುವುದರಿಂದ ಅದೂ ಕ್ಲೋರೈಡ್ ಉಳಿಸುತ್ತದೆ. ಹೊಗೆ ಕಡಿಮೆ ಎಂದು ನೀರು ತಪ್ಪಿಸುವ ಹಾಗಿಲ್ಲ. ಜರ್ಮನಿಯ ಬ್ಯಾಲಿಸ್ಟಾಲ್ ಎಂಬ ಎಣ್ಣೆಯನ್ನು ಕರಿಮದ್ದಿನವರು ಇಷ್ಟಪಡುವುದು ಅದು ನೀರಿನ ಜೊತೆ ಹಾಲಿನಂತೆ ಬೆರೆಯುತ್ತದೆ ಎಂಬ ಕಾರಣಕ್ಕೆ. ನೀರು ಉಪ್ಪನ್ನು ಒಯ್ಯುತ್ತದೆ, ಎಣ್ಣೆ ಹಿಂದೆ ಉಳಿಯುತ್ತದೆ. ಕೋವಿಗೆ ನೀರು ತಾಗಿಸಬಾರದು ಎಂದು ಕಲಿತವರಿಗೆ ಇದನ್ನು ಒಪ್ಪುವುದು ಕಷ್ಟ. ಆದರೆ ತುಕ್ಕು ಬರುವುದು ನೀರು ಉಳಿದುಬಿಟ್ಟಾಗ, ಅಥವಾ ಉಪ್ಪು ಉಳಿದುಬಿಟ್ಟಾಗ. ತೊಳೆದು ಒಣಗಿಸಿದರೆ ಅಲ್ಲ.

ಕೊಳೆ ಯಾವುದೆಂದು ಗೊತ್ತಾಯಿತು ಅನ್ನೋಣ. ಈಗ ಇನ್ನೊಂದು ಲೆಕ್ಕ. ಈ ದ್ರವ ಕೊಳೆಯನ್ನಲ್ಲದೆ ಇನ್ನೇನನ್ನು ಮುಟ್ಟುತ್ತದೆ?

ಕೋವಿಯ ಮೇಲಿನ ನೀಲಿಗಪ್ಪು ಬಣ್ಣ ಬಳಿದ ಬಣ್ಣವಲ್ಲ. ಅದು ಕಬ್ಬಿಣದ್ದೇ ಒಂದು ಆಕ್ಸೈಡು, ಬಹಳ ತೆಳು. ಹುಳಿ ತಾಗಿದರೆ ಸಾಕು, ಹೋಯಿತು. ವಿನೆಗರ್, ನಿಂಬೆಹಣ್ಣು, ಫಾಸ್ಫಾರಿಕ್ ಆಮ್ಲ ಇರುವ ತುಕ್ಕು ತೆಗೆಯುವ ದ್ರವ, ಎಲ್ಲವೂ ತುಕ್ಕಿನ ಜೊತೆ ಈ ಬಣ್ಣವನ್ನೂ ಎತ್ತಿಕೊಂಡು ಹೋಗುತ್ತವೆ. ಆ ದ್ರವಕ್ಕೆ ತುಕ್ಕು ಯಾವುದು, ಬಣ್ಣ ಯಾವುದು ಎಂಬ ಭೇದ ಇಲ್ಲ. ಸಣ್ಣ ತುಕ್ಕಿಗೆ ಎಣ್ಣೆ ಹಚ್ಚಿ ಕಾದು, ತೀರಾ ನಯವಾದ ಉಕ್ಕಿನ ನಾರಿನಿಂದ ಹಗುರವಾಗಿ ಒರೆಸುವುದೇ ಮೇಲು. ನಿಕಲ್ ಲೇಪನದ ಕೋವಿಗಳಲ್ಲಿ ನಿಕಲ್ಲಿನ ಅಡಿಗೆ ತಾಮ್ರದ ಪದರ ಇರುವುದುಂಟು. ಅಮೋನಿಯ ಎಲ್ಲಾದರೂ ಸೀಳಿನಿಂದ ಒಳಹೊಕ್ಕರೆ ತಾಮ್ರ ಕರಗಿ ಮೇಲಿನ ನಿಕಲ್ ಪೊರೆಯಾಗಿ ಏಳುತ್ತದೆ. ಕಾಸ್ಟಿಕ್ ಸೋಡಾದಂಥ ಖಾರವಾದ ಕ್ಷಾರ ಅಲ್ಯೂಮಿನಿಯಂ ಚೌಕಟ್ಟನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಎಂದು ಬ್ಲೀಚ್ ಹಾಕಿದರೆ ಅದರಲ್ಲೂ ಗುಳಿ ಬೀಳುತ್ತದೆ.

ಮರದ ಸ್ಟಾಕನ್ನು, ಅಂದರೆ ಹೆಗಲಿಗೆ ಆನಿಸುವ ಮರದ ಭಾಗವನ್ನು, ಜನ ಮರೆತೇಬಿಡುತ್ತಾರೆ. ಹಳೆಯ ಕೋವಿಗಳಲ್ಲಿ ಲೋಹ ಮತ್ತು ಮರ ಸೇರುವ ಕಡೆ ಮರ ಕಪ್ಪಾಗಿ, ಮೆತ್ತಗಾಗಿರುವುದನ್ನು ನೋಡಿರಬಹುದು. ಅದು ವರ್ಷಗಟ್ಟಲೆ ಇಳಿದ ಎಣ್ಣೆ. ಮೆತ್ತಗಾದ ಮರ ಹಿನ್ನೂಕುವ ಪೆಟ್ಟನ್ನು ತಾಳದೆ ಸೀಳುತ್ತದೆ. ಅರಗಿನ ಪಾಲಿಷ್ ಇರುವ ಮರದ ಮೇಲೆ ಆಲ್ಕೋಹಾಲ್ ಬಿದ್ದರೆ ಪಾಲಿಷ್ ಕರಗುತ್ತದೆ. ಅಸಿಟೋನ್ ಮತ್ತು ಕಾರ್ಬ್ಯುರೇಟರ್ ಕ್ಲೀನರ್ ಹಲವು ಬಗೆಯ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಮೆತ್ತಗೆ ಮಾಡುತ್ತವೆ. ದೂರದರ್ಶಕ ಇದ್ದರೆ ಅದರ ಗಾಜಿನ ಲೇಪನವೂ ಇದೆ. ಹಾಗಾಗಿ ಸ್ಪ್ರೇ ಕ್ಯಾನ್ ನನಗೆ ಇಷ್ಟವಿಲ್ಲ. ಅದು ಬೇಕಾದ ಕಡೆಗಿಂತ ಬೇಡದ ಕಡೆಗೇ ಜಾಸ್ತಿ ಹೋಗುತ್ತದೆ. ಬಟ್ಟೆಗೆ ಹನಿ ಹಾಕಿ ಬಟ್ಟೆಯಿಂದ ಒರೆಸಿದರೆ ಎಲ್ಲಿ ಬಿತ್ತು, ಎಷ್ಟು ಬಿತ್ತು ಎಂಬುದು ಕೈಯಲ್ಲಿರುತ್ತದೆ.

ಏರ್‌ಗನ್ ಇರುವವರಿಗೆ ಒಂದು ಮಾತು. ಮೇಲೆ ಹೇಳಿದ ಸಾಲ್ವೆಂಟುಗಳು ಅದಕ್ಕಲ್ಲ. ಅದರೊಳಗೆ ಮದ್ದು ಸುಡುವುದೇ ಇಲ್ಲವಲ್ಲ, ಮಸಿ ಎಲ್ಲಿಂದ ಬರಬೇಕು? ಪೆಟ್ರೋಲಿಯಂ ದ್ರವ ರಬ್ಬರ್ ಸೀಲನ್ನು ಕೆಡಿಸುತ್ತದೆ. ಸ್ಪ್ರಿಂಗ್ ಬಗೆಯದರಲ್ಲಿ ಪಿಸ್ಟನ್ನಿನ ಮುಂದೆ ಎಣ್ಣೆ ಉಳಿದರೆ ಗಾಳಿ ಒತ್ತಡಕ್ಕೆ ಬಿಸಿಯಾಗಿ ಆ ಎಣ್ಣೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಇಂಜಿನ್ನಿನಲ್ಲಿ ಆಗುವುದು ಇದೇ. ಅದಕ್ಕೆ ಒಣ ಬಟ್ಟೆ ಅಥವಾ ಫೆಲ್ಟ್ ಉಂಡೆ ಸಾಕು.

ಇನ್ನು ಮನೆಯಲ್ಲೇ ಇರುವ ಬಾಟಲಿಗಳು. ಪೆಟ್ರೋಲ್ ಬೇಡವೇ ಬೇಡ. ಅದು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಕೊಂಡು ಹೋಗಿ ದೂರದ ಒಲೆಯನ್ನೋ ದೀಪವನ್ನೋ ಮುಟ್ಟುತ್ತದೆ. ಅದರಲ್ಲಿರುವ ಬೆಂಜೀನ್ ಕ್ಯಾನ್ಸರ್ ತರುತ್ತದೆ ಎಂಬುದು ಸಾಬೀತಾದ ವಿಷಯ. ಸೀಮೆಎಣ್ಣೆ ಅದಕ್ಕಿಂತ ಎಷ್ಟೋ ವಾಸಿ. ಅದು ಹೊತ್ತುವಷ್ಟು ಆವಿ ಬಿಡಲು ಸಾಮಾನ್ಯವಾಗಿ 38 ಡಿಗ್ರಿಯಾದರೂ ಬೇಕು. ಮಸಿ ಮತ್ತು ಹಳೆಯ ಎಣ್ಣೆಗೆ ಅದು ಸಾಕು. ಆದರೆ ತುಕ್ಕಿನಿಂದ ಕಾಯುವ ಎಣ್ಣೆ ಅದಲ್ಲ. ಸೀಮೆಎಣ್ಣೆ, ಬಣ್ಣ ತೆಳುಮಾಡಲು ಬಳಸುವ ಮಿನರಲ್ ಸ್ಪಿರಿಟ್, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಅಸಿಟೋನ್ ಬೆರೆಸಿ ಮನೆಯಲ್ಲೇ ಮಾಡಿಕೊಳ್ಳುವ ಮಿಶ್ರಣ ಬಲು ಜನಪ್ರಿಯ. ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ಅದರಲ್ಲಿರುವ ಅಸಿಟೋನ್ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೇ ಹೊತ್ತುವಂಥದ್ದು. ಅದನ್ನು ಬಿಟ್ಟು ಮಾಡಿದರೂ ಮಸಿಗೆ ಆ ಮಿಶ್ರಣ ಸಾಕಾಗುತ್ತದೆ. ಮನೆಯೊಳಗೆ ಇಡುವುದಾದರೆ ನಾನು ಬಿಟ್ಟೇ ಮಾಡಿ ಎನ್ನುತ್ತೇನೆ.

ಬ್ರೇಕ್ ಕ್ಲೀನರಿನಲ್ಲಿ ಎರಡು ಜಾತಿ. ಕ್ಲೋರಿನ್ ಇರುವುದು, ಇಲ್ಲದ್ದು. ಇರುವ ಬಗೆಯಲ್ಲಿ ಹೆಚ್ಚಾಗಿ ಟೆಟ್ರಾಕ್ಲೋರೋಎಥಿಲೀನ್ ಇರುತ್ತದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಬಿಸಿ ಲೋಹದ ಮೇಲೆ ಬಿದ್ದರೆ ಫಾಸ್‌ಜೀನ್ ಎಂಬ ವಿಷಗಾಳಿಯೂ ಹುಟ್ಟಬಹುದು. ಇಲ್ಲದ ಬಗೆಯದು ಬೇಗ ಹೊತ್ತಿಕೊಳ್ಳುತ್ತದೆ. ಎರಡೂ ಮನೆಯ ಕೋಣೆಗೆ ಸಲ್ಲುವಂಥವಲ್ಲ. ಡಬ್ಲ್ಯೂಡಿ-40 ಬಗ್ಗೆ ಜಗಳ ಮುಗಿಯುವುದೇ ಇಲ್ಲ. 1953ರಲ್ಲಿ ಅದನ್ನು ಮಾಡಿದ್ದು ಲೋಹದ ಮೇಲಿನ ನೀರನ್ನು ಓಡಿಸಲು. ಮಳೆಗೆ ನೆನೆದ ಕೋವಿಗೆ, ಬಿಸಿನೀರಲ್ಲಿ ತೊಳೆದ ನಳಿಗೆಗೆ ಅದು ಸರಿಯಾದ ವಸ್ತುವೇ. ಉಜ್ಜುವ ಭಾಗಗಳಿಗೆ ಬಹುಕಾಲದ ಎಣ್ಣೆಯಾಗಿ ಅದನ್ನು ನೆಚ್ಚಿಕೊಂಡರೆ ಮಾತ್ರ ನಿರಾಸೆ. ಶುಚಿ, ಜಾರು, ರಕ್ಷಣೆ ಮೂರನ್ನೂ ಒಂದೇ ಬಾಟಲಿಯಲ್ಲಿ ಕೊಡುವ ಸಿಎಲ್‌ಪಿ ಎಂಬ ಬಗೆಯೂ ಹಾಗೆಯೇ. ವಾರವಾರ ಸ್ವಲ್ಪ ಬಳಸುವ ಕೋವಿಗೆ ಅದೊಂದೇ ಸಾಕು. ಗಟ್ಟಿ ತಾಮ್ರ ಕೂತಿದ್ದರೆ ಸಾಲದು.

ಕೈಕೆಲಸದಲ್ಲಿ ನಾನು ಬಿಡದೆ ಪಾಲಿಸುವ ಒಂದೇ ಸಂಗತಿ ದಿಕ್ಕು. ಆದಷ್ಟು ಚೇಂಬರಿನ ಕಡೆಯಿಂದ ಬಾಯಿಯ ಕಡೆಗೆ. ಗುಂಡು ಕೊನೆಗೆ ಬಿಟ್ಟುಹೋಗುವ ಅಂಚು ನಳಿಗೆಯ ಬಾಯಿ. ಆ ಅಂಚು ಒಂದು ಕಡೆ ಸವೆದರೆ ಗುಂಡು ಹೊರಡುವಾಗ ಗಾಳಿ ಒಂದು ಕಡೆಯಿಂದ ಮೊದಲು ನುಗ್ಗುತ್ತದೆ, ಗುರಿ ಹೋಗುತ್ತದೆ. ತುಂಡು ತುಂಡು ಜೋಡಿಸುವ ಅಲ್ಯೂಮಿನಿಯಂ ರಾಡು ಬಾಗುತ್ತದೆ, ಅದರ ಮೆದು ಮೈಗೆ ಮರಳಿನ ಕಣ ಅಂಟಿ ಅರದ ಹಾಗೆ ಉಜ್ಜುತ್ತದೆ. ಒಂದೇ ತುಂಡಿನ, ಹಿಡಿ ತಿರುಗುವ ರಾಡು ಒಮ್ಮೆ ಕೊಂಡರೆ ಬಹುಕಾಲ ಬರುತ್ತದೆ. ಬೋರ್ ಗೈಡ್ ಹಾಕಿದರೆ ರಾಡು ನಡುವಿನಲ್ಲೇ ಹೋಗುತ್ತದೆ, ಸಾಲ್ವೆಂಟ್ ಟ್ರಿಗರಿನ ಕಡೆ ಇಳಿಯುವುದಿಲ್ಲ. ಬಾಯಿಯಿಂದಲೇ ಮಾಡಬೇಕಾದ ಕೋವಿಯಾದರೆ ಬಾಯಿಗೆ ಕೂರುವ ಗೈಡ್ ಸಿಗುತ್ತದೆ. ಬ್ರಷ್ಷನ್ನು ನಳಿಗೆಯ ನಡುವೆ ನಿಲ್ಲಿಸಿ ಹಿಂದಕ್ಕೆ ಎಳೆಯಬಾರದು, ಪೂರ್ತಿ ಹೊರಗೆ ಹೋಗಲಿ. ಬ್ರಷ್ಷನ್ನು ಬಾಟಲಿಯೊಳಗೆ ಅದ್ದಬಾರದು, ಹಾಗೆ ಮಾಡಿದರೆ ಮೊದಲ ದಿನವೇ ಇಡೀ ಬಾಟಲಿ ಕೊಳೆ. ಹಗ್ಗದ ಬಗೆಯ ಕ್ಲೀನರ್ ಹೊರಗೆ ಹೋದಾಗ ಅನುಕೂಲ, ಆದರೆ ಅದನ್ನೂ ಒಗೆಯಬೇಕು. ಸವೆದ ಹಗ್ಗ ಒಳಗೆ ತುಂಡಾದರೆ ತೆಗೆಯುವುದು ದೊಡ್ಡ ಪಾಡು.

ಸೀಸದ ಮಾತನ್ನು ಮತ್ತೆ ಎತ್ತುತ್ತೇನೆ. ಇದು ಬರೀ ಗುಂಡಿನದಲ್ಲ. ಇವತ್ತಿನ ಬಹುತೇಕ ಪ್ರೈಮರಿನಲ್ಲೂ ಸೀಸದ ಸಂಯುಕ್ತ ಇದೆ, ಹಾಗಾಗಿ ಹೆಚ್ಚುಕಡಿಮೆ ಪ್ರತಿ ಮಸಿಯಲ್ಲೂ ಸೀಸ ಇದೆ. ಮಕ್ಕಳ ಮಟ್ಟಿಗೆ ಸುರಕ್ಷಿತ ಎನ್ನಬಹುದಾದ ಸೀಸದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದಮೇಲೆ ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಅಲ್ವಾ? ಒಣ ಬ್ರಷ್ಷಿನಿಂದ ಉಜ್ಜಿದರೆ ಧೂಳು ಏಳುತ್ತದೆ, ಮೊದಲು ತೇವ ಮಾಡಿ ಆಮೇಲೆ ಉಜ್ಜಬೇಕು. ಎದುರುಬದುರು ಕಿಟಕಿ ತೆರೆದಿರಲಿ, ಗಾಳಿ ನಿಮ್ಮ ಮುಖದಿಂದ ಆಚೆಗೆ ಹರಿಯಲಿ. ನೈಟ್ರೈಲ್ ಕೈಗವಸು ಎಣ್ಣೆಗೂ ಸೀಮೆಎಣ್ಣೆಗೂ ತಡೆಯುತ್ತದೆ. ಅಸಿಟೋನ್ ಅದರೊಳಗಿಂದ ಬೇಗನೇ ದಾಟುತ್ತದೆ. ತೆಳು ರಬ್ಬರಿನದು ಪೆಟ್ರೋಲಿಯಂಗೆ ಉಬ್ಬಿಹೋಗುತ್ತದೆ. ಮುಗಿದ ಮೇಲೆ ಸೋಪು, ತಣ್ಣೀರು, ಉಟ್ಟ ಬಟ್ಟೆ ಬದಲಾವಣೆ. ಕೋವಿ ಒರೆಸಿದ ಕೊಳೆ ಬಟ್ಟೆ ತುಂಡುಗಳು ಮುಚ್ಚಳ ಇರುವ ಲೋಹದ ಡಬ್ಬಿಗೆ. ಸ್ಟಾಕಿಗೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆ ಇದ್ದರೆ ಇನ್ನೂ ಎಚ್ಚರ. ಅದು ಮುದುಡಿ ಬಿದ್ದ ಕಡೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಅದನ್ನು ನೀರಲ್ಲಿ ಅದ್ದಿಡಬೇಕು, ಇಲ್ಲವೇ ಹರಡಿ ಒಣಗಿಸಬೇಕು. ಉಳಿದ ಸಾಲ್ವೆಂಟನ್ನು ಬಚ್ಚಲಿಗೆ ಸುರಿಯದೆ ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೆ ಕೊಡಬೇಕು. ತಿಂಡಿ ತಂದ ಬಾಟಲಿಗೋ ನೀರಿನ ಬಾಟಲಿಗೋ ಸಾಲ್ವೆಂಟ್ ತುಂಬಿಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ಬಿಡಬೇಕು.

ಕೊನೆಗೆ ಎಣ್ಣೆ. ನಳಿಗೆಗೆ ತೆಳುವಾಗಿ ಒಮ್ಮೆ ಎಳೆದರೆ ಸಾಕು. ಟ್ರಿಗರಿನ ಭಾಗಕ್ಕೆ ಹನಿಯಷ್ಟೂ ಜಾಸ್ತಿ, ಅದು ಅಂಟಾಗಿ ಧೂಳು ಹಿಡಿಯುತ್ತದೆ. ಮೊದಲ ರಾತ್ರಿ ನಳಿಗೆಯ ಬಾಯಿ ಕೆಳಗೆ ಮಾಡಿಟ್ಟರೆ ಜಾಸ್ತಿಯಾದ ಎಣ್ಣೆ ಮರದ ಕಡೆಗೆ ಇಳಿಯುವುದಿಲ್ಲ. ಮುಂದಿನ ಸಲ ಬಳಸುವ ಮುಂಚೆ ನಳಿಗೆ ಮತ್ತು ಚೇಂಬರನ್ನು ಒಣ ಬಟ್ಟೆಯಿಂದ ಒರೆಸಲೇಬೇಕು. ಎಣ್ಣೆ ಕೂತ ನಳಿಗೆಯಲ್ಲಿ ಒತ್ತಡ ಏರುತ್ತದೆ. ಎಣ್ಣೆಯ ಚೇಂಬರಿನಲ್ಲಿ ತೋಟೆಯ ಕೊಳವೆ ಗೋಡೆಯನ್ನು ಹಿಡಿಯದೆ ಪೆಟ್ಟೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ. ಒಳಗೆ ಬಟ್ಟೆ ತುಂಡೊಂದು ಉಳಿದಿಲ್ಲ ಎಂದೂ ಬೆಳಕು ಹಿಡಿದು ನೋಡಬೇಕು.

ಎಲ್ಲಿಗೆ ನಿಲ್ಲಿಸಬೇಕು ಎಂದು ಕೇಳಿದರೆ, ಬಟ್ಟೆ ಹಾಲುಬಿಳುಪಾಗಿ ಬರಬೇಕಿಲ್ಲ. ಸಾಲ್ವೆಂಟ್ ಹಾಕಿದಷ್ಟೂ ಸಲ ಒಂದಿಷ್ಟು ಬೂದು ಬರುತ್ತಲೇ ಇರುತ್ತದೆ. ಸೀಸದ ಗುಂಡಿನ .22 ರೈಫಲ್‌ಗಳನ್ನಂತೂ ಹಲವು ಗುರಿಕಾರರು ಗುರಿ ತಪ್ಪಲು ಶುರುವಾಗುವವರೆಗೆ ನಳಿಗೆಯೊಳಗೆ ಹೆಚ್ಚಾಗಿ ಕೈ ಹಾಕುವುದೇ ಇಲ್ಲ. ಉಪ್ಪಿನ ಅನುಮಾನ ಇದ್ದರೆ ಮಾತ್ರ ಮರುದಿನ ಇನ್ನೊಂದು ಬಿಳಿ ಬಟ್ಟೆ ತಳ್ಳಿ ನೋಡಿ. ಅದು ಕಪ್ಪಾಗಿ ಬಂದರೆ ಚಿಂತೆ ಇಲ್ಲ, ಸಾಲ್ವೆಂಟ್ ರಾತ್ರಿ ಸಡಿಲಿಸಿದ ಮಸಿ ಅದು. ಕೆಂಗಂದಾಗಿ ಬಂದರೆ ಉಪ್ಪು ಇನ್ನೂ ಒಳಗಿದೆ. ಎಣ್ಣೆ ಒರೆಸಿ ಮತ್ತೆ ನೀರು ಕಾಯಿಸಬೇಕು.